ಮೂಳೆ ತುಂಡಿನ ವರದಿ

ಡಾಕ್ಟರ್ ಜಯಸಿಂಹರ ಭಾಷಣದ ಹನ್ನೊಂದನೇ ಚಿತ್ರದಲ್ಲಿ ನಾನು ನನ್ನ ಅಪ್ಪನ ಬೆರಳನ್ನು ನೋಡಿದೆ.

ನೀಲಿ ಬಟ್ಟೆಯ ಮೇಲಿಟ್ಟು ತೆಗೆದ ಫೋಟೊ. ಬಲಗೈ ತೋರುಬೆರಳಿನ ತುದಿ, ಮೊದಲ ಗೆಣ್ಣಿಗೆ ಕತ್ತರಿಸಿದ್ದು. ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರಿನ ಕೆಳಗೆ ಅರ್ಧಚಂದ್ರದ ಆಕಾರದ ಹಳೆಯ ಸುಟ್ಟ ಕಲೆ. ದೋಸೆಕಾವಲಿಯ ಅಂಚು ತಾಗಿ ಆ ಕಲೆ ಆದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಪ್ಪ ಮನೆಗೆ ಬಂದು ಅದಕ್ಕೆ ಟೂತ್‌ಪೇಸ್ಟ್ ಹಚ್ಚಿಕೊಂಡು ಕೂತಿದ್ದ. ಫೋಟೊದಲ್ಲಿ ಬೆರಳಿನ ಪಕ್ಕ ಅಳತೆಗೆ ಒಂದು ಸ್ಕೇಲು, ಸ್ಕೇಲಿನ ಪಕ್ಕ ಒಂದು ಚೀಟಿ: 1147/22.

ಅದು ಗೋರೆಗಾಂವ್‌ನ ನಮ್ಮ ಲ್ಯಾಬಿನ ಮೀಟಿಂಗ್ ರೂಮು. ಪುಣೆಯ ಸಮ್ಮೇಳನದಲ್ಲಿ ಮಾಡಬೇಕಾದ ಭಾಷಣವನ್ನು ಡಾಕ್ಟರು ನಮ್ಮೆದುರು ಒಮ್ಮೆ ಮಾಡಿ ನೋಡುತ್ತಿದ್ದರು. ಅಪರೂಪದ ಗಡ್ಡೆಗಳನ್ನು ಗುರುತಿಸುವುದರಲ್ಲಿ ಅವರಿಗೆ ದೊಡ್ಡ ಹೆಸರು. ಮೂತ್ರಪಿಂಡದ ಕ್ಯಾನ್ಸರ್ ನಾಲಿಗೆಯ ಮೇಲೆ ಗಂಟಾಗಿ ಬಂದದ್ದು, ಯಕೃತ್ತಿನದು ವಸಡಿನಲ್ಲಿ ಹುಣ್ಣಾಗಿ ಬಂದದ್ದು, ಸ್ತನದ್ದು ಕಣ್ಣರೆಪ್ಪೆಯಲ್ಲಿ ಅಡಗಿ ಕೂತದ್ದು, ಹೀಗೆ ಬೇರೆಯವರು ಕೈಬಿಟ್ಟ ಸ್ಲೈಡುಗಳೆಲ್ಲ ಕೊನೆಗೆ ಅವರ ಮೇಜಿಗೆ ಬರುತ್ತಿದ್ದವು. ನಾನು ಅಲ್ಲಿ ಟೆಕ್ನಿಷಿಯನ್. ದೇಹದಿಂದ ತೆಗೆದ ತುಂಡುಗಳನ್ನು ಮೇಣದ ಬ್ಲಾಕಿನಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಕೊಡುವುದು ನನ್ನ ಕೆಲಸ. ಆ ದಿನದ ಕೆಲಸ ಲ್ಯಾಪ್‌ಟಾಪಿನ ಗುಂಡಿ ಒತ್ತುವುದು.

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು: ಇವನು ಹೋಟೆಲಿನಲ್ಲಿ ದೋಸೆ ಹುಯ್ಯುವವನು, ಐವತ್ನಾಲ್ಕು ವರ್ಷ. ಉಗುರುಸುತ್ತು ಎಂದುಕೊಂಡು ಮೂರು ವಾರ ಬೆರಳಿಗೆ ನಿಂಬೆಹಣ್ಣು ತೊಡಿಸಿಕೊಂಡು ಓಡಾಡಿದ. ನಿಂಬೆಹಣ್ಣಿನ ಒಳಗೆ ಇದ್ದದ್ದು ಶ್ವಾಸಕೋಶದ ಕ್ಯಾನ್ಸರ್.

ರೂಮಿನಲ್ಲಿದ್ದವರು ನಕ್ಕರು.

ಮುಂದಿನ ಚಿತ್ರ ಮೈಕ್ರೋಸ್ಕೋಪಿನದು. ಮೂಳೆಯ ಸಂದುಗಳಲ್ಲಿ ಕ್ಯಾನ್ಸರಿನ ಕೋಶಗಳು ಉಂಗುರಗಳಾಗಿ ತುಂಬಿಕೊಂಡಿದ್ದವು. ಅದರ ಕೆಳಗೆ ಒಂದು ಸಾಲು: 'ರೋಗಿ ಮತ್ತೆ ಬರಲಿಲ್ಲ.'

"ನೆಕ್ಸ್ಟ್," ಎಂದರು ಡಾಕ್ಟರು. ನಾನು ಗುಂಡಿ ಒತ್ತಿದೆ.

ನಿಂಬೆಹಣ್ಣನ್ನು ತೊಡಿಸಿದ್ದು ನನ್ನ ಅಮ್ಮ, ನೀಲಾವತಿ. ನಮ್ಮ ಕಡೆ ಉಗುರುಸುತ್ತಿಗೆ ಎಲ್ಲರೂ ಅದನ್ನೇ ಮಾಡುತ್ತಾರೆ. ಹಣ್ಣಿಗೆ ತೂತು ಕೊರೆದು, ಒಳಗೆ ಅರಿಶಿನ ತುಂಬಿ, ಬೆರಳನ್ನು ಅದರೊಳಗೆ ತೂರಿಸಿ ಬಟ್ಟೆ ಸುತ್ತುವುದು. ಅಪ್ಪ ಚೆನ್ನಯ ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತವನು. ಅವನಿಗೆ ಉಗುರುಸುತ್ತು ಹೊಸದಲ್ಲ. ನೀರು, ಹಿಟ್ಟು, ಬಿಸಿ, ಮತ್ತೆ ನೀರು. ಪ್ರತಿ ಮಳೆಗಾಲಕ್ಕೊಮ್ಮೆ ಯಾವುದಾದರೂ ಬೆರಳು ಊದುತ್ತಿತ್ತು, ನಾಲ್ಕು ದಿನಕ್ಕೆ ಇಳಿಯುತ್ತಿತ್ತು. ಈ ಸಲ ಮಳೆಗಾಲವಾಗಿರಲಿಲ್ಲ. ಫೆಬ್ರವರಿ.

ಇಳಿಯಲಿಲ್ಲ. ಜೋಗೇಶ್ವರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಮೂಳೆ ಕೊಳೆತಿದೆ ಎಂದು ತುದಿಯನ್ನು ಕತ್ತರಿಸಿದರು. ಕತ್ತರಿಸಿದ್ದನ್ನು ಔಷಧದ ನೀರಿದ್ದ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ನನ್ನ ಕೈಗೆ ಕೊಟ್ಟು, ಗೋರೆಗಾಂವ್‌ನ ಲ್ಯಾಬಿಗೆ ಮುಟ್ಟಿಸಲು ಹೇಳಿದರು. ಮುಂಬಯಿಯಲ್ಲಿ ಹಾಗೆಯೇ ನಡೆಯುತ್ತದೆ. ರೋಗಿಯ ತುಂಡನ್ನು ರೋಗಿಯ ಮನೆಯವರೇ ಹೊತ್ತು ತಿರುಗುತ್ತಾರೆ. ಅಪ್ಪನ ಬೆರಳನ್ನು ಕಾಲೇಜಿನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕ ಇಟ್ಟುಕೊಂಡು ಲೋಕಲ್‌ನಲ್ಲಿ ಎರಡು ಸ್ಟೇಶನ್ ಹೋದೆ. ಆ ದಿನ ಟಿಫಿನ್ ತಿನ್ನಲಿಲ್ಲ, ಅಷ್ಟೇ.

ಮಾರ್ಚ್ ಒಂಬತ್ತಕ್ಕೆ ವರದಿ ಬಂತು. ಸಹಿ ಡಾಕ್ಟರ್ ಜಯಸಿಂಹರದ್ದು. ಹಳೆಯ ಉರಿಯೂತ, ಕ್ಷಯ ಇರಬಹುದು, ಪರೀಕ್ಷಿಸಿ. ಕೆಳಗೆ ಇನ್ನೊಂದು ಸಾಲು ಇತ್ತು: 'ಮೂಳೆ ತುಂಡಿನ ವರದಿ ನಂತರ ಕೊಡಲಾಗುವುದು.'

ಆ ಸಾಲಿನ ಅರ್ಥ ಆಗ ನನಗೆ ಗೊತ್ತಿರಲಿಲ್ಲ. ಈಗ ಅಂಥ ಸಾಲುಗಳಿರುವ ವರದಿಗಳನ್ನು ವಾರಕ್ಕೆರಡು ನೋಡುತ್ತೇನೆ. ಮಾಂಸವನ್ನು ಎರಡೇ ದಿನದಲ್ಲಿ ಕೊಯ್ದು ನೋಡಬಹುದು. ಮೂಳೆಯನ್ನು ಹಾಗೆಯೇ ಕೊಯ್ದರೆ ಬ್ಲೇಡು ಹಾಳಾಗುತ್ತದೆ. ಅದನ್ನು ಆಸಿಡ್‌ನಲ್ಲಿ ನೆನೆಹಾಕಿ, ಸೂಜಿ ಚುಚ್ಚಿದರೆ ಇಳಿಯುವಷ್ಟು ಮೆತ್ತಗಾಗುವ ತನಕ ಕಾಯಬೇಕು. ಕೆಲವೊಮ್ಮೆ ವಾರ, ಕೆಲವೊಮ್ಮೆ ತಿಂಗಳು. ಅಷ್ಟರಲ್ಲಿ ಮಾಂಸದ ವರದಿ ಹೊರಟು ಹೋಗಿರುತ್ತದೆ, ರೋಗಿ ಗುಳಿಗೆ ನುಂಗಲು ಶುರು ಮಾಡಿರುತ್ತಾನೆ. ಮೂಳೆ ಬೇರೆಯೇ ಹೇಳಿದರೆ ಯಾರಾದರೂ ಫೋನೆತ್ತಿ ತಿಳಿಸಬೇಕು.

ಅಪ್ಪನಿಗೆ ಕೆಮ್ಮು ಇತ್ತು. ಎಕ್ಸ್‌ರೇಯಲ್ಲಿ ಒಂದು ನೆರಳೂ ಇತ್ತು. ಕೈಯಲ್ಲಿ ಈ ವರದಿ ಇದ್ದುದರಿಂದ ಯಾರೂ ಎರಡನೇ ಸಲ ಯೋಚಿಸಲಿಲ್ಲ. ಟಿಬಿ ಎಂದರು. ಗುಳಿಗೆ ಶುರುವಾಯಿತು. ಹೋಟೆಲಿನ ಶೆಟ್ಟರು ಕೆಟ್ಟವರಲ್ಲ. "ಗಿರಾಕಿಗಳು ಕೇಳ್ತಾರೆ ಚೆನ್ನಯ. ಆರು ತಿಂಗಳು ಮನೆಯಲ್ಲಿರು, ನಿನ್ನ ಕಾವಲಿ ಎಲ್ಲಿಗೂ ಹೋಗುವುದಿಲ್ಲ," ಎಂದರು.

ನಮ್ಮದು ಜೋಗೇಶ್ವರಿಯ ಚಾಲ್‌ನಲ್ಲಿ ಒಂದೇ ಕೋಣೆ. ಅಮ್ಮ ಅಪ್ಪನ ತಟ್ಟೆ ಲೋಟ ಬೇರೆ ಮಾಡಿದಳು. ತಟ್ಟೆಗಳೆಲ್ಲ ಒಂದೇ ತರಹ ಇದ್ದವು, ಗುರುತು ಸಿಗುತ್ತಿರಲಿಲ್ಲ. ನಾನು ನನ್ನ ನೇಲ್ ಪಾಲಿಶ್ ತೆಗೆದು ಅಪ್ಪನ ತಟ್ಟೆಯ ಅಂಚಿಗೆ ಒಂದು ಕೆಂಪು ಚುಕ್ಕೆ ಇಟ್ಟೆ. ಲೋಟಕ್ಕೂ ಇಟ್ಟೆ. ಮಲಗಲು ಅವನಿಗೆ ಹೊರಗಿನ ಪ್ಯಾಸೇಜು. ಇದನ್ನು ಹೇಳಿದ್ದೂ ನಾನೇ, ಪರೀಕ್ಷೆ ಇದೆ, ಕೆಮ್ಮಿನಿಂದ ನಿದ್ದೆ ಇಲ್ಲ ಎಂದು. ಅಪ್ಪ ತಕ್ಷಣ ಚಾಪೆ ಸುತ್ತಿಕೊಂಡು ಎದ್ದ. "ಹೊರಗೆ ಗಾಳಿ ಉಂಟು, ಅದೇ ಒಳ್ಳೆಯದು," ಎಂದ.

ಮೂಳೆಯ ವರದಿ ಕೇಳಲು ಅಪ್ಪ ಆ ಲ್ಯಾಬಿಗೆ ಮೂರು ಸಲ ಹೋದ. ಮೊದಲೆರಡು ಸಲ ಕೌಂಟರಿನವಳು ಇನ್ನೂ ಆಗಿಲ್ಲ ಎಂದು ಕಳಿಸಿದಳು. ಮೂರನೇ ಸಲ ನಾನೂ ಜೊತೆಗಿದ್ದೆ. ಬಿಸು ಹಬ್ಬದ ಮರುದಿನ, ಏಪ್ರಿಲ್ ಹದಿನಾರು, ಶನಿವಾರ. ಲಿಫ್ಟಿನ ಬಾಗಿಲಲ್ಲಿ ಡಾಕ್ಟರು ಸಿಕ್ಕಿದರು. ಅಪ್ಪ ಕನ್ನಡದಲ್ಲಿ ಮಾತಾಡಿಸಿದ್ದು ಕೇಳಿ ನಿಂತರು. ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. ನಂಬರಿನ ಮೇಲೆ ಅವರ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

"ನಮ್ ಕಡೆಯೋರಲ್ವಾ? ಗುಳಿಗೆ ಮಾತ್ರ ಬಿಡ್ಬೇಡಿ, ವಾಸಿಯಾಗತ್ತೆ."

"ಮೂಳೆದೊಂದು ರಿಪೋರ್ಟು ಬರ್ಲಿಕ್ಕುಂಟು ಸರ್."

"ಅದ್ರಲ್ಲೇನೂ ಇಲ್ಲ. ಹೋಗ್ಬನ್ನಿ."

ವಾಪಸು ಬರುವಾಗ ಲೋಕಲ್‌ನಲ್ಲಿ ಅಪ್ಪ ಹೇಳಿದ್ದ: "ಎಷ್ಟು ದೊಡ್ಡ ಮನುಷ್ಯ. ನಿಂತು ಕನ್ನಡದಲ್ಲಿ ಮಾತಾಡಿದ್ರು ನೋಡು."

ಅಕ್ಟೋಬರ್ ಹತ್ತೊಂಬತ್ತಕ್ಕೆ ಅಪ್ಪ ಸತ್ತ. ಮರಣಪತ್ರದಲ್ಲಿ ಕ್ಷಯ ಎಂದು ಬರೆದರು. ಉತ್ತರಕ್ರಿಯೆಯ ದಿನ ಬಂದ ನೆಂಟರು ನಮ್ಮ ಮನೆಯ ನೀರು ಕುಡಿಯದೆ, ತಂದಿದ್ದ ಬಾಟಲಿಯಿಂದಲೇ ಕುಡಿದು ಹೋದರು. ಅಮ್ಮ ಕೆಂಪು ಚುಕ್ಕೆಯ ತಟ್ಟೆಯನ್ನು ಬಿಸಾಡಲೂ ಇಲ್ಲ, ಬಳಸಲೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದಳು.

ಲ್ಯಾಬ್ ಕೋರ್ಸು ಮುಗಿಸಿದ ಮೇಲೆ ನಾನು ಆ ಲ್ಯಾಬಿಗೇ ಅರ್ಜಿ ಹಾಕಿದೆ. ಯಾವ ಉದ್ದೇಶವೂ ಇರಲಿಲ್ಲ. ನೋಡಿದ್ದ ಲ್ಯಾಬು, ಮನೆಯಿಂದ ಎರಡು ಸ್ಟೇಶನ್ ದೂರ. ಎರಡು ವರ್ಷ ಡಾಕ್ಟರು ನನ್ನ ರಜಾ ಅರ್ಜಿಗಳಿಗೆ ಸಹಿ ಹಾಕಿದರು. ಎಲ್ಲದರ ಮೇಲೂ ಮುಂಬಯಿಯ ಪದ್ಧತಿಯಂತೆ ನಡುವೆ ಅಪ್ಪನ ಹೆಸರಿರುತ್ತಿತ್ತು: ನಮಿತಾ ಚೆನ್ನಯ ಪೂಜಾರಿ.

ಭಾಷಣ ಮುಗಿದ ಮೇಲೆ ನಾನು ರಿಜಿಸ್ಟರುಗಳನ್ನು ತೆಗೆದೆ. ಹುಡುಕಲು ಕಷ್ಟವಿರಲಿಲ್ಲ, ಆ ರಿಜಿಸ್ಟರುಗಳನ್ನು ಜೋಡಿಸಿಡುವುದೂ ನನ್ನ ಕೆಲಸವೇ. 1147/22, ಚೆನ್ನಯ ಪೂಜಾರಿ. ಬ್ಲಾಕ್ ಎ, ಮಾಂಸ. ಬ್ಲಾಕ್ ಬಿ, ಮೂಳೆ. ಸ್ಲೈಡ್ ಕೊಟ್ಟ ರಿಜಿಸ್ಟರಿನಲ್ಲಿ: ಬಿ ಸ್ಲೈಡು, ಏಪ್ರಿಲ್ ಹನ್ನೊಂದು, ಪಡೆದವರು ಡಾಕ್ಟರ್ ಜಯಸಿಂಹ, ಸಹಿ. ವಿಶೇಷ ಬಣ್ಣಗಳ ರಿಜಿಸ್ಟರಿನಲ್ಲಿ: ಏಪ್ರಿಲ್ ಹನ್ನೆರಡಕ್ಕೆ ಅದೇ ಬ್ಲಾಕಿಗೆ ಅವರು ಕೇಳಿದ ಒಂದು ಬಣ್ಣ. ಗಡ್ಡೆ ಶ್ವಾಸಕೋಶದಿಂದ ಬಂದಿದ್ದರೆ ಅದರ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಹದಿನಾಲ್ಕಕ್ಕೆ ಫಲಿತಾಂಶ. ಕಂದಾಗಿತ್ತು. ಅದರ ಮುಂದೆಯೂ ಅವರ ಸಹಿ.

ಹದಿನಾಲ್ಕು. ಬಿಸುವಿನ ಹಿಂದಿನ ದಿನ. ಲಿಫ್ಟಿನ ಮುಂದೆ ಅಪ್ಪನ ಕಾಗದ ಹಿಡಿದು ನಿಂತಾಗ ಅವರಿಗೆ ಗೊತ್ತಿತ್ತು.

ಎರಡನೇ ವರದಿ ಮಾತ್ರ ಎಲ್ಲೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಮಾರ್ಚ್ ಒಂಬತ್ತರದ್ದೇ ಮೊದಲು, ಅದೇ ಕೊನೆ.

ನಾನು ಮೊದಲು ಯೋಚಿಸಿದ್ದೆಲ್ಲ ಕೆಟ್ಟದ್ದೇ. ದಿನಕ್ಕೆ ನೂರಿಪ್ಪತ್ತು ಸ್ಲೈಡು ನನ್ನ ಕೈಯಲ್ಲಿ ಹಾದುಹೋಗುತ್ತಿದ್ದವು. ಎರಡು ಚೀಟಿಗಳನ್ನು ಅದಲುಬದಲು ಮಾಡಿದರೆ ಒಂದೇ ವಾರದಲ್ಲಿ ಅವರ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಆದರೆ ಅದರ ಏಟು ಬೀಳುವುದು ಇನ್ನೊಬ್ಬರ ಅಪ್ಪನ ಮೇಲೆ. ನನಗೆ ಬೇಕಾಗಿದ್ದು ಎರಡೇ. ಗೊತ್ತಿತ್ತು ಎಂಬುದನ್ನು ಅವರು ತಮ್ಮವರ ಎದುರು ಒಪ್ಪಬೇಕು. ಕೊಡುತ್ತೇನೆ ಎಂದ ವರದಿಯನ್ನು ಅಪ್ಪನ ಹೆಸರಿಗೆ ಬರೆದು ಕೊಡಬೇಕು.

ನಮ್ಮ ಹಿರಿಯ ಟೆಕ್ನಿಷಿಯನ್ ಅಣ್ಣು ಕಾಕಾ, ಬೆಳಗಾವಿ ಕಡೆಯವರು. ನನಗೆ ಕೊಯ್ಯಲು ಕಲಿಸಿದವರು ಅವರೇ. ಬೇಸ್‌ಮೆಂಟಿನ ಡ್ರಾಯರಿನಿಂದ ನಾನು ಆ ಬ್ಲಾಕ್ ತೆಗೆದದ್ದನ್ನು ನೋಡಿದರು. ನಂಬರು ಓದಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ.

"ಮೂಳಿ ಆಸಿಡ್‌ನಾಗ ನೆನೆಹಾಕಿದವ ನಾನs," ಎಂದರು. "ಸ್ಲೈಡ್ ಒಯ್ದು ಕೊಟ್ಟವನೂ ನಾನs. ಆಮ್ಯಾಲ ಏನಾತು ಅಂತ ಕೇಳಲಿಲ್ಲ ನೋಡು."

"ನಿಮ್ಮದೇನು ತಪ್ಪು ಕಾಕಾ?"

"ತಪ್ಪು ಯಾರದು ಅಂತ ನಾ ಹೇಳಾಕ ಬಂದಿಲ್ಲ. ಇಪ್ಪತ್ತೆಂಟು ವರ್ಷ ಆತು ತಂಗಿ, ಇಲ್ಲಿ ಮೇಣ ಕೊಯ್ಯಾಕತ್ತು. ದೊಡ್ಡವರ ಜೋಡಿ ಜಗಳ ತಗದವರು ಒಬ್ಬರೂ ಉಳಿದಿಲ್ಲ."

"ಜಗಳ ಇಲ್ಲ. ಒಂದು ಸ್ಲೈಡ್ ತೋರಿಸ್ತೇನೆ, ಅಷ್ಟೇ."

ಅವರು ಯಂತ್ರದ ಮೇಲಿನ ಬಟ್ಟೆ ತೆಗೆದರು. "ಹಂಗಾರ ಛಲೋ ಕೊಯ್ಯಿ. ಮಡಚಿತಂದ್ರ ಅದನ್ನs ನೆಪ ಮಾಡ್ತಾರ."

ಪ್ರತಿ ತಿಂಗಳ ಎರಡನೇ ಶನಿವಾರ ಪಶ್ಚಿಮ ಉಪನಗರಗಳ ಪೆಥಾಲಜಿಸ್ಟರು ಒಂದೊಂದು ಲ್ಯಾಬಿನಲ್ಲಿ ಸೇರುತ್ತಾರೆ. ಆರು ಕೇಸು. ಪ್ರತಿಯೊಂದರ ಬಗ್ಗೆಯೂ ವಯಸ್ಸು, ಗಂಡೋ ಹೆಣ್ಣೋ, ದೇಹದ ಯಾವ ಭಾಗ, ಇಷ್ಟು ಮಾತ್ರ ಹೇಳುತ್ತಾರೆ. ಯಾರು ಕಳಿಸಿದ್ದು ಎಂಬುದು ಗುಟ್ಟು. ಎಲ್ಲರೂ ಪರದೆಯ ಮೇಲೆ ಸ್ಲೈಡು ನೋಡಿ ರೋಗ ಯಾವುದು ಎಂದು ಹೇಳಿದ ಮೇಲೆ ಮೊಹರು ಮಾಡಿದ ಲಕೋಟೆ ಒಡೆದು ಉತ್ತರ ಓದುತ್ತಾರೆ. ಲಕೋಟೆ ಒಡೆಯುವವರು ಯಾವಾಗಲೂ ಡಾಕ್ಟರ್ ವಿಮಲಾ. ಎಪ್ಪತ್ತೆಂಟು ವರ್ಷ, ನಿವೃತ್ತ ಪ್ರೊಫೆಸರ್. ಅಲ್ಲಿದ್ದ ಅರ್ಧ ಜನ ಅವರ ಶಿಷ್ಯರು. ಜಯಸಿಂಹರೂ.

ಆ ತಿಂಗಳ ಸಭೆ ನಮ್ಮ ಲ್ಯಾಬಿನಲ್ಲಿ. ಸ್ಲೈಡು ಜೋಡಿಸುವ ಕೆಲಸ ನನ್ನದು. ನಾಲ್ಕನೇ ಕೇಸು ಕಳಿಸಬೇಕಾಗಿದ್ದ ವಸಯಿಯ ಲ್ಯಾಬಿನವರು ಈ ಸಲ ಆಗುವುದಿಲ್ಲ ಎಂದು ಗುರುವಾರ ನನಗೆ ಮೆಸೇಜು ಮಾಡಿದರು. ನಾನು ಯಾರಿಗೂ ಹೇಳಲಿಲ್ಲ. ನಾಲ್ಕನೇ ಜಾಗಕ್ಕೆ ಎರಡು ಸ್ಲೈಡು ಇಟ್ಟೆ. ಚೀಟಿಯಲ್ಲಿ ಬರೆದೆ: ಪುರುಷ, 54, ಬೆರಳು.

ಹದಿನೇಳು ಜನ ಬಂದಿದ್ದರು. ಮೊದಲ ಮೂರು ಕೇಸು ಮುಗಿಯುವ ಹೊತ್ತಿಗೆ ಸಮೋಸಾ ಬಂತು. ಜಯಸಿಂಹರು ಎರಡು ಕೇಸು ಸರಿಯಾಗಿ ಹೇಳಿ ಒಳ್ಳೆಯ ಉತ್ಸಾಹದಲ್ಲಿದ್ದರು. ನಾನು ಮೈಕ್ರೋಸ್ಕೋಪಿನ ಮುಂದೆ ಕೂತು ಮಾಂಸದ ಸ್ಲೈಡನ್ನು ಪರದೆಗೆ ತಂದೆ.

ಇಬ್ಬರು ಉರಿಯೂತ ಎಂದರು. ಒಬ್ಬರು ಟಿಬಿ ಎಂದರು.

"ಜಯಸಿಂಹ, ನೀನು ಹೇಳು," ಎಂದರು ವಿಮಲಾ ಮೇಡಂ.

ಜಯಸಿಂಹರು ಕುರ್ಚಿಗೆ ಒರಗಿಕೊಂಡೇ ಹೇಳಿದರು. "ಇದು ಬಲೆ ಮೇಡಂ. ಇಷ್ಟೇ ನೋಡಿ ಟಿಬಿ ಅಂದೋರು ಬಲೆಗೆ ಬಿದ್ರು. ಬೆರಳು ಅಂತ ಬರೆದಿದ್ದಾರೆ. ಮೂಳೆ ಎಲ್ಲಿ? ನಾನು ಮೂಳೆ ನೋಡದೆ ಬಾಯೇ ಬಿಡೋದಿಲ್ಲ."

"ಮೂಳೆ ಇದೆಯೇನಮ್ಮಾ?" ಮೇಡಂ ನನ್ನನ್ನು ಕೇಳಿದರು.

"ಇದೆ ಮೇಡಂ."

ಎರಡನೇ ಸ್ಲೈಡು ಹಾಕಿದೆ. ಒಂದು ಮಡಿಕೆಯಿಲ್ಲ, ಒಂದು ಗೀರಿಲ್ಲ. ನಾನು ಜೀವನದಲ್ಲಿ ಕೊಯ್ದ ಸ್ಲೈಡುಗಳಲ್ಲೆಲ್ಲ ಚೆನ್ನಾಗಿ ಬಂದದ್ದು ಅದು. ಗುಲಾಬಿ ಮೂಳೆಯ ನಡುವೆ ನೇರಳೆ ಉಂಗುರಗಳು ತುಂಬಿ ತುಳುಕುತ್ತಿದ್ದವು.

"ನೋಡಿದ್ರಾ," ಎಂದರು ಜಯಸಿಂಹರು, ಸಭೆಯತ್ತ ತಿರುಗಿ. "ಮೆಟಾಸ್ಟಾಸಿಸ್. ಬೇರೆ ಕಡೆಯಿಂದ ಬಂದ ಗಡ್ಡೆ. ಶ್ವಾಸಕೋಶ. ವಿಶೇಷ ಬಣ್ಣ ಹಾಕಿದ್ರೆ ಕಂದಾಗತ್ತೆ, ನಾನು ಬರೆದುಕೊಡ್ತೀನಿ. ಉಗುರುಸುತ್ತು ಅಂತ ಬಂದಿರ್ತಾನೆ. ನನ್ನ ಹತ್ರಾನೂ ಇಂಥದ್ದೊಂದಿದೆ, ಪುಣೇಲಿ ತೋರಿಸ್ತಾ ಇದೀನಿ."

ಮೂಲೆಯಲ್ಲಿದ್ದ ಕಿರಿಯ ಡಾಕ್ಟರು ರಂಜನಿ ಕೇಳಿದರು: "ಸರ್, ಮಾಂಸದ ರಿಪೋರ್ಟು ಮೊದಲೇ ಹೋಗಿರತ್ತಲ್ಲ? ಮೂಳೆ ಆಮೇಲೆ ಹೀಗೆ ಬಂದ್ರೆ ಏನು ಮಾಡೋದು?"

ಈ ಪ್ರಶ್ನೆಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾರೂ ಕೇಳದಿದ್ದರೆ ಅಣ್ಣು ಕಾಕಾ ಕೇಳುವುದೆಂದು ಮಾತಾಗಿತ್ತು. ಅವರು ಬಾಗಿಲ ಹತ್ತಿರ ಚಹದ ಥರ್ಮಾಸ್ ಹಿಡಿದು ನಿಂತಿದ್ದರು.

"ಫೋನೆತ್ತೋದು," ಎಂದರು ಜಯಸಿಂಹರು. "ಅದೇ ದಿನ, ಅದೇ ಗಂಟೆ. ಮೊದಲ ರಿಪೋರ್ಟು ತಪ್ಪು ಅಂತ ಬಾಯ್ಬಿಟ್ಟು ಹೇಳೋದು. ನಾಚಿಕೆಯಾಗತ್ತೆ. ಆಗ್ಲಿ. ಹೇಳದೆ ಇಟ್ಕೊಂಡೋನು ಈ ಕೆಲಸಕ್ಕೆ ನಾಲಾಯಕ್ಕು."

ಕೆಲವರು ತಲೆಯಾಡಿಸಿದರು. ರಂಜನಿ ಬರೆದುಕೊಂಡರು.

ಆಗ ಜಯಸಿಂಹರು ಪರದೆಯತ್ತ ಮತ್ತೊಮ್ಮೆ ನೋಡಿದರು. ಅವರ ಕಣ್ಣು ಬಹಳ ಚುರುಕು. ಮೂಳೆಯ ಒಂದು ಚೂರು ಕೊಕ್ಕೆಯಂತೆ ಬಾಗಿತ್ತು, ಅವರ ಭಾಷಣದ ಚಿತ್ರದಲ್ಲೂ ಅದು ಇತ್ತು. ಅವರು ಮುಂದಕ್ಕೆ ಬಗ್ಗಿದರು. ಸಮೋಸಾದ ಪ್ಲೇಟನ್ನು ಮೇಜಿನ ಮೇಲಿಟ್ಟರು.

"ಈ ಕೇಸು ಯಾರದು?"

"ಲಕೋಟೆ ಇದೆಯಲ್ಲ," ಎಂದು ವಿಮಲಾ ಮೇಡಂ ಅದನ್ನು ಒಡೆದರು.

ಐದು ಹಾಳೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಮೊದಲನೆಯದನ್ನು ಗಟ್ಟಿಯಾಗಿ ಓದಿದರು. ನಂಬರು, ಹೆಸರು, ಉರಿಯೂತ, ಕ್ಷಯ ಇರಬಹುದು, ಮೂಳೆ ತುಂಡಿನ ವರದಿ ನಂತರ. ಸಹಿ ಓದುವ ಮೊದಲು ನಿಂತರು. ಉಳಿದ ಹಾಳೆಗಳನ್ನು ಬಾಯಿಬಿಡದೆ ನೋಡಿದರು: ಸ್ಲೈಡ್ ರಿಜಿಸ್ಟರು, ಬಣ್ಣದ ರಿಜಿಸ್ಟರು, ಮರಣಪತ್ರ, ಕೊನೆಗೆ ಭಾಷಣದ ಹನ್ನೆರಡನೇ ಚಿತ್ರ. ಆಮೇಲೆ, ಅಲ್ಲಿಯ ತನಕದ ಇಂಗ್ಲಿಷು ಬಿಟ್ಟು, ಕನ್ನಡದಲ್ಲಿ ಕೇಳಿದರು.

"ಜಯಸಿಂಹ, ಇದು ನಿನ್ನ ಸಹೀನಾ?"

"ಇದನ್ನ ಇಟ್ಟೋರು ಯಾರು?"

"ನಾನು ಕೇಳಿದ್ದು ಸಹಿ."

"ನಾನು ಇಟ್ಟದ್ದು ಸರ್," ಎಂದೆ. "ನಮಿತಾ ಚೆನ್ನಯ ಪೂಜಾರಿ. ರೋಗಿ ಮತ್ತೆ ಬರಲಿಲ್ಲ ಅಂತ ನೀವು ಬರ್ದಿದ್ದೀರಿ. ಮೂರು ಸಲ ಬಂದಿದ್ರು. ಕೊನೇ ಸಲ ಲಿಫ್ಟಿನ ಹತ್ರ ನೀವೇ ಮಾತಾಡಿದ್ರಿ. ಅದ್ರಲ್ಲೇನೂ ಇಲ್ಲ ಅಂದ್ರಿ. ಆ ಹೊತ್ತಿಗೆ ಬಣ್ಣದ ರಿಸಲ್ಟ್ ಬಂದು ಎರಡು ದಿನ ಆಗಿತ್ತು."

ಕನ್ನಡ ಬಾರದವರು ಪಕ್ಕದವರನ್ನು ಕೇಳುತ್ತಿದ್ದರು. ರಂಜನಿ ಮೆಲ್ಲಗೆ ಹಿಂದಿಯಲ್ಲಿ ಹೇಳಿದರು. ಒಂದೊಂದೇ ಕುರ್ಚಿಗೆ ಸುದ್ದಿ ಮುಟ್ಟುವುದನ್ನು ನಾನು ನೋಡಿದೆ. ಅದನ್ನು ನೋಡಲೆಂದೇ ಒಂದು ತಿಂಗಳು ಕಾದಿದ್ದೆ.

"ಸ್ಲೈಡ್ ತಡವಾಗಿ ಬಂತು," ಎಂದರು ಜಯಸಿಂಹರು. "ಟೆಕ್ನಿಷಿಯನ್ನು ಫೈಲ್ ಮಾಡಿಬಿಟ್ಟಿದ್ದ, ನನ್ನ ಕಣ್ಣಿಗೆ ಬೀಳೋ ಅಷ್ಟ್ರಲ್ಲಿ..."

"ಸಾರ್," ಎಂದರು ಅಣ್ಣು ಕಾಕಾ ಬಾಗಿಲಿಂದ. "ನಾನs ಕೈಯಾಗ ಕೊಟ್ಟೇನ್ರಿ. ಸೈ ಮಾಡಿ ತಗೊಂಡೀರಿ. ಪುಸ್ತಕದಾಗ ಐತಿ." ಅವರು ಥರ್ಮಾಸನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು.

ಜಯಸಿಂಹರು ಮೇಡಂ ಕಡೆ ತಿರುಗಿದರು. ದನಿ ತಗ್ಗಿತ್ತು. "ನಾಳೆ ಹೇಳೋಣ ಅಂತಿದ್ದೆ ಮೇಡಂ. ನಾಳೆ ನಾಳೆ ಅಂತ... ಆಮೇಲೆ ಹೇಳೋಕಾಗ್ಲಿಲ್ಲ. ಹೇಳಿದ್ರೂ ಉಳೀತಿರ್ಲಿಲ್ಲ. ಬೆರಳಿಗೆ ಬಂದ ಮೇಲೆ ಆರು ತಿಂಗಳು. ನಿಮಗೇ ಗೊತ್ತಲ್ಲ."

"ಆರು ತಿಂಗಳು ಅಂತಲೇ ಇಟ್ಕೊಳ್ಳಿ ಸರ್," ಎಂದೆ. "ಆ ಆರು ತಿಂಗಳು ಅವರು ಬೇರೆ ತಟ್ಟೆಯಲ್ಲಿ ಉಂಡ್ರು."

ಅವರಿಗೆ ಅರ್ಥವಾಗಲಿಲ್ಲ. ಮೇಡಂಗೂ ಆಗಲಿಲ್ಲ. ಬಿಡಿಸಿ ಹೇಳುವ ಮನಸ್ಸು ನನಗಿರಲಿಲ್ಲ. ಇದ್ದ ಸತ್ಯ ಅವರು ಹೇಳಿದ್ದೇ. ಅಪ್ಪ ಬಹುಶಃ ಉಳಿಯುತ್ತಿರಲಿಲ್ಲ. ನಾನು ಓದಿದ ಮಟ್ಟಿಗೆ ಸರಿಯಾದ ಔಷಧಿ ಸಿಕ್ಕಿದ್ದರೆ ಒಂದು ವರ್ಷ, ಅದೃಷ್ಟವಿದ್ದರೆ ಎರಡು. ಆದರೆ ಮನೆಯ ಒಳಗೆ ಮಲಗುತ್ತಿದ್ದ.

"ಏನು ಬೇಕು ನಿನಗೆ?" ಜಯಸಿಂಹರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಮೂಳೆ ತುಂಡಿನ ವರದಿ."

ನಾನು ಲ್ಯಾಬಿನ ಖಾಲಿ ವರದಿ ಹಾಳೆಯನ್ನು ಜೊತೆಗೇ ತಂದಿದ್ದೆ. ಅವರ ಮುಂದಿಟ್ಟೆ. ಪೆನ್ನು ಅವರ ಜೇಬಿನಲ್ಲೇ ಇತ್ತು. ಹದಿನೇಳು ಜನರ ಎದುರು ಅವರು ಬರೆದರು. ಹೆಸರು, ನಂಬರು, ಬ್ಲಾಕ್ ಬಿ. ಬೆರಳಿನ ಮೂಳೆಯಲ್ಲಿ ಕ್ಯಾನ್ಸರ್, ಮೂಲ ಶ್ವಾಸಕೋಶ. ಕ್ಷಯದ ಲಕ್ಷಣಗಳಿಲ್ಲ. ಮೂರು ಸಾಲು. ಇಷ್ಟು ಬರೆಯಲು ನಾಲ್ಕು ನಿಮಿಷ ಹಿಡಿಯಿತು. ತಾರೀಖಿನ ಜಾಗಕ್ಕೆ ಬಂದಾಗ 11 ಎಂದು ಬರೆದು, ಗೆರೆ ಎಳೆದು, 4 ಬರೆಯಲು ಹೊರಟರು, ಸ್ಲೈಡು ಅವರ ಕೈಗೆ ಬಂದ ದಿನ.

ವಿಮಲಾ ಮೇಡಂ ಬಗ್ಗಿ ನೋಡುತ್ತಿದ್ದರು. "ಇವತ್ತಿನ ತಾರೀಖು ಹಾಕು," ಎಂದರು.

ಅವರು 11ನ್ನು ಹೊಡೆದುಹಾಕಿ ಆ ದಿನದ ತಾರೀಖು ಹಾಕಿದರು. ಸಹಿ ಮಾಡಿದರು. ಹಾಳೆ ಕೊಡುವಾಗ, "ನಾಳೆಯಿಂದ ಬರೋದ್ಬೇಡ," ಎಂದರು.

"ನಾಳೆ ಭಾನುವಾರ ಸರ್," ಎಂದೆ.

ಐದನೇ ಕೇಸು ನೋಡಲು ಯಾರೂ ಕೂರಲಿಲ್ಲ. ಮೆಟ್ಟಿಲಿಳಿಯುವಾಗ ಮೇಡಂ ನನ್ನ ಹಿಂದೆ ಬಂದರು. ಲಕೋಟೆಯ ಹಾಳೆಗಳು ಅವರ ಕೈಯಲ್ಲೇ ಇದ್ದವು. "ಇವು ನನ್ನ ಹತ್ರ ಇರಲಿ," ಎಂದರು. "ಪುಣೆಯವರ ಜೊತೆ ನಾನು ಮಾತಾಡ್ತೀನಿ. ಅವನಿಗೆ ಪಾಠ ಹೇಳಿದ್ದು ನಾನು." ಅವರಿಗೆ ಏನೋ ಇನ್ನೂ ಹೇಳಬೇಕೆಂದಿತ್ತು. ನಾನು ನಿಲ್ಲಲಿಲ್ಲ. ನನ್ನ ಬಳಿ ಆ ಹಾಳೆಗಳ ಇನ್ನೂ ಮೂರು ಸೆಟ್ ಇದ್ದವು.

ಮನೆಗೆ ಬಂದಾಗ ಅಮ್ಮ ಬಂಗುಡೆ ಸಾರು ಮಾಡುತ್ತಿದ್ದಳು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ವರದಿಯನ್ನು ಅವಳ ಕೈಗೆ ಕೊಟ್ಟೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಎಂತ ಇದು?"

ಹೇಳಿದೆ. ಎಲ್ಲವನ್ನೂ, ಲಿಫ್ಟಿನಿಂದ ಹಿಡಿದು. ಅವಳು ಗ್ಯಾಸ್ ಆರಿಸಿದಳು.

"ಟಿಬಿ ಅಲ್ಲವಾ?"

"ಅಲ್ಲ."

"ಒಬ್ಬರಿಂದ ಒಬ್ಬರಿಗೆ ಬರುವಂಥದ್ದು ಅಲ್ಲ?"

"ಅಲ್ಲ."

ಅಮ್ಮ ಸ್ಟೂಲು ಹತ್ತಿ ಅಟ್ಟದಿಂದ ಆ ಚೀಲ ಇಳಿಸಿದಳು. ತಟ್ಟೆಯನ್ನು ಸಾಬೂನು ಹಾಕಿ ತಿಕ್ಕಿದಳು. ಚುಕ್ಕೆ ಹೋಗಲಿಲ್ಲ. ನಾನು ಬ್ಯಾಗಿನಿಂದ ಲ್ಯಾಬಿನ ಹಳೆಯ ಬ್ಲೇಡು ತೆಗೆದು ಕೆರೆಯಲು ಹೋದೆ. ಅಮ್ಮ ಕೈ ಹಿಡಿದಳು.

"ಇರಲಿ. ನಾವಿಬ್ಬರೇ ಇಟ್ಟದ್ದಲ್ಲವಾ."

ಆ ತಟ್ಟೆಯಲ್ಲೇ ತನಗೆ ಅನ್ನ ಬಡಿಸಿಕೊಂಡಳು. ಸಾರು ಹಾಕಿಕೊಂಡು ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು: "ಆ ಡಾಕ್ಟರಿಗೆ ಎಂತ ಆಯಿತು?"

"ಇನ್ನೂ ಆಗಲಿಲ್ಲ. ಸೋಮವಾರ ಮೆಡಿಕಲ್ ಕೌನ್ಸಿಲ್‌ಗೆ ಹೋಗಿ ದೂರು ಕೊಡ್ತೇನೆ. ಆಮೇಲೆ ಮರಣಪತ್ರ ತಿದ್ದಿಸಬೇಕು. ಅದಕ್ಕೂ ಇದೇ ಕಾಗದ ಬೇಕು."

"ಸೋಮವಾರ ನಿನಗೆ ರಜೆ ಉಂಟಾ?"

"ಕೆಲಸ ಇದ್ದವರಿಗೆ ರಜೆ ಬೇಕು."

ಅಮ್ಮ ಮುಳ್ಳೊಂದನ್ನು ತೆಗೆದು ತಟ್ಟೆಯ ಅಂಚಿಗೆ, ಚುಕ್ಕೆಯ ಪಕ್ಕ ಇಟ್ಟಳು.

"ಎಷ್ಟು ಗಂಟೆಗೆ ಹೊರಡುವುದು? ನಾನೂ ಬರ್ತೇನೆ."